ನ್ಯಾಚುರೋಪತಿ ಡಾಕ್ಟರ್ ಆಗಿ ಸಹಜ ಹೆರಿಗೆಯ ಕೆಲಸ ಮಾಡಬೇಕಾ? ದಾರಿ ಹೀಗಿದೆ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಸಂಬಂಧಿಕರ ಮಗಳು, ಸ್ನೇಹಿತೆಯ ತಂಗಿ, ಯಾರದೋ ಪಕ್ಕದ ಮನೆಯವರು. ಕೇಳುವುದು ಮಾತ್ರ ಒಂದೇ. "ಅಕ್ಕಾ, ಎಂಬಿಬಿಎಸ್ ಸೀಟು ಸಿಗೋ ಹಾಗೆ ಕಾಣ್ತಿಲ್ಲ. ನಂಗೆ ನ್ಯಾಚುರೋಪತಿ ಇಷ್ಟ. ಅದರಲ್ಲೂ ನಾರ್ಮಲ್ ಡೆಲಿವರಿ ಮಾಡಿಸೋ ಡಾಕ್ಟರ್ ಆಗ್ಬೇಕು. ಏನು ಓದಲಿ?"

ಓದಬೇಕಾದ್ದು ಬಿಎನ್‌ವೈಎಸ್, ಅಂದರೆ ನ್ಯಾಚುರೋಪತಿ (ಪ್ರಕೃತಿ ಚಿಕಿತ್ಸೆ) ಮತ್ತು ಯೋಗದ ಡಿಗ್ರಿ. ಅದರ ವಿವರ ಆಮೇಲೆ. ಮೊದಲು ಆ "ಮಾಡಿಸೋ" ಅನ್ನುವ ಮಾತನ್ನು ಸರಿ ಮಾಡಿಕೊಳ್ಳೋಣ. ನಮ್ಮಲ್ಲಿ ಬಿಎನ್‌ವೈಎಸ್ ಓದಿದವರು ಹೆರಿಗೆ ಮಾಡಿಸುವುದಿಲ್ಲ. ಹೆರಿಗೆಗೆ ಮುಂಚಿನ ಒಂಬತ್ತು ತಿಂಗಳು, ನೋವು ಶುರುವಾದ ಮೇಲಿನ ಗಂಟೆಗಳು, ಆಮೇಲಿನ ಬಾಣಂತನ, ಇಷ್ಟರಲ್ಲಿ ನಮಗೆ ಕೈ ತುಂಬಾ ಕೆಲಸ ಇದೆ. ಆದರೆ ಮಗುವನ್ನು ಹೊರಗೆ ತೆಗೆಯುವ ಕೈ ನಮ್ಮದಲ್ಲ. ಇದು ಗೊತ್ತಿಲ್ಲದೆ ಐದೂವರೆ ವರ್ಷ ಓದಿ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಮೊದಲೇ ಹೇಳಿಬಿಡುವುದು.

ಸೀಟು ತಗೊಳ್ಳುವ ಮುಂಚೆ ಇದನ್ನು ತೀರ್ಮಾನ ಮಾಡಿ

ನಿಮಗೆ ಬೇಕಾದ್ದು ನಿಜವಾಗಿ ಯಾವುದು? ನಿಮ್ಮ ಕೈಯಾರೆ ಹೆರಿಗೆ ಮಾಡಿಸಬೇಕು ಅಂತಿದ್ದರೆ ಎರಡು ದಾರಿ ಇವೆ. ಒಂದು ಎಲ್ಲರಿಗೂ ಗೊತ್ತಿರುವುದು, ಎಂಬಿಬಿಎಸ್ ಮುಗಿಸಿ ಪ್ರಸೂತಿ ವಿಭಾಗದಲ್ಲಿ ಪಿಜಿ. ಇನ್ನೊಂದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವರಿಗೆ 18 ತಿಂಗಳ ಮಿಡ್‌ವೈಫರಿ, ಅಂದರೆ ಹೆರಿಗೆ ಮಾಡಿಸುವ, ತರಬೇತಿ ಇದೆ. ಅದಕ್ಕೆ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅನ್ನುತ್ತಾರೆ. ಕೇಂದ್ರ ಆರೋಗ್ಯ ಇಲಾಖೆ 2018ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು. ತೊಡಕಿಲ್ಲದ ಹೆರಿಗೆಗಳನ್ನು ಮಿಡ್‌ವೈಫ್‌ಗಳೇ ನೋಡಿಕೊಳ್ಳಬೇಕು, ತೊಡಕಾದರೆ ಡಾಕ್ಟರ್ ಬರಬೇಕು ಅನ್ನುವುದು ಅದರ ಲೆಕ್ಕ. ಸಹಜ ಹೆರಿಗೆಯೇ ನಿಮ್ಮ ಕನಸಾಗಿದ್ದರೆ, ನಿಜ ಹೇಳಬೇಕೆಂದರೆ, ಬಿಎನ್‌ವೈಎಸ್‌ಗಿಂತ ಇದೇ ಹತ್ತಿರದ ದಾರಿ. "ನರ್ಸಾ?" ಅಂತ ಮೂಗು ಮುರಿಯುವ ಅಪ್ಪ ಅಮ್ಮಂದಿರಿಗೆ ನಾನು ಏನೂ ಹೇಳಲು ಹೋಗುವುದಿಲ್ಲ.

ಮೂರನೆಯದು ನಮ್ಮದು. ಊಟ, ನಡಿಗೆ, ಯೋಗ, ಉಸಿರಾಟ, ಮಸಾಜ್, ನೀರಿನ ಚಿಕಿತ್ಸೆ. ಗರ್ಭಿಣಿಯ ದೇಹವನ್ನು, ತಲೆಯನ್ನೂ, ಹೆರಿಗೆಗೆ ತಯಾರು ಮಾಡುವ ಕೆಲಸ. ಇದು ಇಷ್ಟ ಅಂತಾದರೆ ಮುಂದಕ್ಕೆ ಓದಿ.

ಈ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಸೂಲಗಿತ್ತಿ ನರಸಮ್ಮನವರ ಹೆಸರು ತೆಗೆಯುತ್ತಾರೆ. ಪಾವಗಡದ ಆ ಅಜ್ಜಿ 15 ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದ್ದರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. "ಅವರು ಯಾವ ಡಿಗ್ರಿ ಓದಿದ್ರು?" ಅಂತ ಕೇಳುತ್ತಾರೆ. ಸರಿ. ಆದರೆ ಅವರು ಅಜ್ಜಿಯ ಹಿಂದೆ ಓಡಾಡಿ ಕಲಿತವರು, ಜೀವನಪೂರ್ತಿ ಅದನ್ನೇ ಮಾಡಿದವರು, ಹತ್ತಿರದಲ್ಲಿ ಆಸ್ಪತ್ರೆಯೇ ಇಲ್ಲದ ಕಾಲದಲ್ಲಿ ಕೆಲಸ ಶುರು ಮಾಡಿದವರು. ನಮಗೆ ಸಿಗುವುದು ಇಂಟರ್ನ್‌ಶಿಪ್‌ನಲ್ಲಿ ಕೆಲವು ವಾರದ ಲೇಬರ್ ರೂಮು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸೀಟು, ಕಾಲೇಜು

ಬಿಎನ್‌ವೈಎಸ್ ಅಂದರೆ ಬ್ಯಾಚುಲರ್ ಆಫ್ ನ್ಯಾಚುರೋಪತಿ ಆ್ಯಂಡ್ ಯೋಗಿಕ್ ಸೈನ್ಸಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ಕರ್ನಾಟಕದಲ್ಲಿ ಸೀಟು ಹಂಚಿಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ, ಸಿಇಟಿ ಬರೆದವರಿಗೆ ಬಿಎನ್‌ವೈಎಸ್‌ದೇ ಬೇರೆ ರ‍್ಯಾಂಕ್ ಬರುತ್ತದೆ. ಬರೀ ನೀಟ್ ನಂಬಿಕೊಂಡು ಸಿಇಟಿ ಅರ್ಜಿ ಹಾಕುವುದನ್ನೇ ಮರೆತ ಹುಡುಗಿಯರು ಪ್ರತಿ ವರ್ಷ ಸಿಗುತ್ತಾರೆ. ನೀವು ಆ ಪಟ್ಟಿಗೆ ಸೇರಬೇಡಿ. ಬೇಕಾದ ಅಂಕ, ಶುಲ್ಕ, ದಾಖಲೆ ಎಲ್ಲಕ್ಕೂ ಆ ವರ್ಷದ ಕೆಇಎ ಕೈಪಿಡಿಯನ್ನೇ ನೋಡಿ, ಹೋದ ವರ್ಷದವರ ಮಾತು ಕೇಳಬೇಡಿ.

ಕಾಲೇಜುಗಳಲ್ಲಿ ಹಳೆಯ ಹೆಸರು ಉಜಿರೆಯ ಎಸ್‌ಡಿಎಂ, 1989ರಲ್ಲಿ ಶುರುವಾದದ್ದು. ಧರ್ಮಸ್ಥಳದ ಶಾಂತಿವನ ಆಸ್ಪತ್ರೆ ಅಲ್ಲೇ ಹತ್ತಿರದಲ್ಲಿದೆ. ಮೈಸೂರಿನಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ಕಾಲೇಜಿದೆ, ಮೂಡುಬಿದಿರೆಯಲ್ಲಿ ಆಳ್ವಾಸ್ ಇದೆ. ಇನ್ನೂ ಹಲವು ಇವೆ. ಯಾವುದೇ ಆಗಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ ನೋಡಿ. ಆಮೇಲೆ ಎರಡು ಪ್ರಶ್ನೆ ಕೇಳಿ. ಒಂದು, ಕಾಲೇಜಿನದೇ ಆಸ್ಪತ್ರೆಯಲ್ಲಿ ಒಳರೋಗಿಗಳು ಎಷ್ಟು ಜನ ಇರುತ್ತಾರೆ. ಎರಡು, ಪ್ರಸೂತಿ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ದಿನ. ಎರಡನೆಯದಕ್ಕೆ ಆಫೀಸಿನವರು ತಡವರಿಸಿದರೆ ಸೀನಿಯರ್‌ಗಳನ್ನು ಹಿಡಿದು ಕೇಳಿ. ನಿಮ್ಮ ಉದ್ದೇಶಕ್ಕೆ ಕಾಲೇಜಿನ ಸ್ವಿಮ್ಮಿಂಗ್ ಪೂಲ್‌ಗಿಂತ ಈ ಉತ್ತರವೇ ಮುಖ್ಯ.

ಒಂದು ಎಚ್ಚರಿಕೆ. ಅಂಚೆಯಲ್ಲಿ, ಆನ್‌ಲೈನ್‌ನಲ್ಲಿ ಆರು ತಿಂಗಳಿಗೆ ನ್ಯಾಚುರೋಪತಿಯ "ಎನ್‌ಡಿ" ಡಿಪ್ಲೊಮಾ ಕೊಡುವವರಿದ್ದಾರೆ. ಕಲಿಯುವ ಆಸೆಗೆ ಓದಿಕೊಳ್ಳಿ, ಬೇಡ ಅನ್ನಲ್ಲ. ಅದನ್ನಿಟ್ಟುಕೊಂಡು ಹೆಸರಿನ ಹಿಂದೆ ಡಾಕ್ಟರ್ ಹಾಕಿಕೊಂಡು ಗರ್ಭಿಣಿಯರನ್ನು ಮುಟ್ಟಲು ಹೋಗಬೇಡಿ.

ಓದುವಾಗ ಎಲ್ಲಿ ಗಮನ ಕೊಡಬೇಕು

ಮೊದಲ ವರ್ಷಗಳಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ. ಬೇರೆ ವೈದ್ಯಕೀಯ ಕೋರ್ಸುಗಳಲ್ಲಿ ಇರುವಂತೆಯೇ. ಜೊತೆಗೆ ನಮ್ಮ ಸ್ವಂತ ಸಾಮಾನು: ಪ್ರಕೃತಿ ಚಿಕಿತ್ಸೆಯ ತತ್ವ, ಯೋಗ, ಹೈಡ್ರೋಥೆರಪಿ, ಮಸಾಜ್, ಉಪವಾಸ, ಆಹಾರ, ಅಕ್ಯುಪಂಕ್ಚರ್. ಪ್ರಸೂತಿ ಮತ್ತು ಸ್ತ್ರೀರೋಗ ಅನ್ನುವುದೂ ಒಂದು ವಿಷಯ. ಹುಡುಗರು ಹುಡುಗಿಯರು ಎಲ್ಲರೂ ಅದನ್ನು ಪಾಸಾಗುವಷ್ಟು ಓದಿ ಬಿಡುತ್ತಾರೆ. ನೀವು ಅದನ್ನೇ ಹಿಡಿದು ಕೂರಬೇಕು. ಸೊಂಟದ ಮೂಳೆಯ ಮಾದರಿಯನ್ನು ಕೈಯಲ್ಲಿ ಹಿಡಿದು ಮಗುವಿನ ತಲೆ ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ತಿರುಗುತ್ತದೆ ಅಂತ ಗೊಂಬೆ ಇಟ್ಟು ನೋಡಿ. ಅದು ಕಣ್ಣಿಗೆ ಕೂತರೆ ಯಾವ ಆಸನ ಯಾಕೆ ಅನ್ನುವುದು ತಾನಾಗಿ ಅರ್ಥ ಆಗುತ್ತದೆ.

ನಮ್ಮ ಚಿಕಿತ್ಸೆಗಳಲ್ಲಿ ಅರ್ಧದಷ್ಟು ಗರ್ಭಿಣಿಗೆ ಬೇಡವಾದವು, ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಉಪವಾಸ ಇಲ್ಲ. ಉಗಿ ಸ್ನಾನ ಇಲ್ಲ. ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿ ಕೂರುವುದಿಲ್ಲ, ಮೊದಲ ಮೂರು ತಿಂಗಳಲ್ಲಂತೂ ಮೈ ಶಾಖ ಏರುವ ಯಾವುದೂ ಬೇಡ. ಎನಿಮಾವನ್ನು ಸುಮ್ನೆ ರೂಢಿ ಅಂತ ಕೊಡಬಾರದು. ಅಕ್ಯುಪಂಕ್ಚರ್‌ನಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಎಲ್‌ಐ4, ಒಳಗಿನ ಹಿಮ್ಮಡಿ ಗಂಟಿನಿಂದ ನಾಲ್ಕು ಬೆರಳು ಮೇಲಿರುವ ಎಸ್‌ಪಿ6, ಇವು ದಿನ ತುಂಬುವ ಮುಂಚೆ ಮುಟ್ಟಬಾರದ ಜಾಗಗಳು ಅಂತ ಪಾಠದಲ್ಲೇ ಬರುತ್ತದೆ. ತಲೆನೋವಿಗೆ ಅಂತ ಯಾರಿಗಾದರೂ ಅಭ್ಯಾಸಬಲದಿಂದ ಎಲ್‌ಐ4 ಒತ್ತುವ ಮುಂಚೆ "ತಿಂಗಳು ಆಗ್ತಿದ್ಯಾ?" ಅಂತ ಕೇಳುವುದನ್ನು ಕಲಿಯಿರಿ.

ಹಾಗಾದರೆ ಉಳಿಯುವುದೇನು? ತುಂಬಾನೇ ಉಳಿಯುತ್ತದೆ. ಬದ್ಧಕೋನಾಸನ, ಮಾರ್ಜಾಲಾಸನ, ಎಡ ಮಗ್ಗುಲಿಗೆ ಮಲಗಿ ವಿಶ್ರಾಂತಿ, ಭ್ರಾಮರಿ (ಬಾಯಿ ಮುಚ್ಚಿ ಮ್ಮ್ಮ್ ಅನ್ನುವ ಪ್ರಾಣಾಯಾಮ), ಬೆನ್ನಿನ ಮಸಾಜ್, ದಿನಾ ನಡಿಗೆ. ರಾಗಿ, ಸೊಪ್ಪು, ಕಾಳು. ರಕ್ತ ಕಮ್ಮಿ ಇರುವವರು ನಮ್ಮಲ್ಲಿ ಎಷ್ಟು ಜನ ಅಂದರೆ ಊಟದ ಮಾತೇ ಅರ್ಧ ಕೆಲಸ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಗರ್ಭಿಣಿಗೆ ರಕ್ತಹೀನತೆ ಅಂತಲೇ ಲೆಕ್ಕ. ಆದರೆ ನುಗ್ಗೆಸೊಪ್ಪು ತಿನ್ನಿ ಅಂತ ಹೇಳಿ ಕಬ್ಬಿಣದ ಮಾತ್ರೆ ಬಿಡಿಸಬೇಡಿ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಯನ್ನು "ಅದು ಕೆಮಿಕಲ್" ಅಂತ ಎಸೆಸಿದ ನಮ್ಮವರೂ ಇದ್ದಾರೆ. ಎರಡೂ ಬೇಕು, ಸೊಪ್ಪೂ ಮಾತ್ರೆಯೂ.

ಇದೆಲ್ಲ ಬರೀ ನಂಬಿಕೆಯಾ? ಪೂರ್ತಿ ಅಲ್ಲ. ಬೆಂಗಳೂರಿನಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು 335 ಗರ್ಭಿಣಿಯರ ಮೇಲೆ ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದು ಗಂಟೆ ಯೋಗ ಮಾಡಿದವರಲ್ಲಿ ಎರಡೂವರೆ ಕೆಜಿ ಮತ್ತು ಅದಕ್ಕಿಂತ ಜಾಸ್ತಿ ತೂಕದ ಮಕ್ಕಳು ಹುಟ್ಟಿದ್ದು ಹೆಚ್ಚು. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅಲ್ಲ ಅದು, ಹಾಗಾಗಿ ಅದನ್ನೇ ಕೊನೆಯ ಮಾತು ಅನ್ನಲಾಗದು. ಇಂಥದ್ದನ್ನು ಓದುವಾಗ ಹೊಗಳಿಕೆ ಎಷ್ಟು, ಪುರಾವೆ ಎಷ್ಟು ಅಂತ ಬೇರೆ ಮಾಡಲು ಕಲಿತರೆ ಮುಂದೆ ಪ್ರಸೂತಿ ಡಾಕ್ಟರ್ ಎದುರು ತಲೆ ಎತ್ತಿ ಮಾತಾಡಬಹುದು.

ಲೇಬರ್ ರೂಮು

ಇಂಟರ್ನ್‌ಶಿಪ್‌ನಲ್ಲಿ ಪ್ರಸೂತಿ ವಿಭಾಗದಲ್ಲಿ ಜಾಸ್ತಿ ದಿನ ಇರಲು ಏನೇನು ಮಾಡಬೇಕೋ ಮಾಡಿ. ಬೇರೆಯವರ ನೈಟ್ ಡ್ಯೂಟಿ ಬೇಕಾದರೂ ಕೇಳಿ ತಗೊಳ್ಳಿ. ಈ ಓದಿನಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಒಂದೇ ರಾತ್ರಿಯಲ್ಲಿ ಕಲಿತದ್ದು.

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ. ಇಪ್ಪತ್ತೊಂದರ ಹುಡುಗಿ, ಚೊಚ್ಚಲು. ಮೂರು ಗಂಟೆಯಿಂದ ಅಂಗಾತ ಮಲಗಿಸಿದ್ದರು. ನೋವು ಬಂದಾಗಲೆಲ್ಲ ಮಂಚದ ಕಂಬಿ ಹಿಡಿದು ಹಲ್ಲು ಕಚ್ಚುತ್ತಿದ್ದಳು. ಸಿಸ್ಟರ್ ಹತ್ತಿರ ಹೋಗಿ "ಎಬ್ಬಿಸಿ ಓಡಾಡಿಸಲಾ?" ಅಂದೆ. ಅವರು ಮಗುವಿನ ಎದೆಬಡಿತ ಕೇಳಿ, ಕೇಸ್ ಶೀಟ್ ನೋಡಿ, "ನಿನ್ನ ಜವಾಬ್ದಾರಿ, ಕೈ ಬಿಡಬೇಡ" ಅಂದರು. ಎಬ್ಬಿಸಿದೆ. ಕಿಟಕಿ ಸರಳು ಹಿಡಿದು ನಿಂತಳು. ನೋವು ಏರುವಾಗ ಸೊಂಟ ಸುತ್ತಿಸು, ಬಾಯಿ ಮುಚ್ಚಿ ಮ್ಮ್ಮ್ ಅನ್ನು, ನಾನೂ ಅಂತೀನಿ ಅಂದೆ. ಬೆನ್ನಿನ ಕೆಳಗೆ ಅಂಗೈ ಒತ್ತಿ ಹಿಡಿದೆ. ನೋವು ಕಮ್ಮಿ ಆಗಲಿಲ್ಲ. ಆದರೆ ಎರಡು ನೋವಿನ ನಡುವೆ ಅವಳ ಭುಜ ಇಳಿಯಿತು, ನೀರು ಕುಡಿದಳು, ಹೊರಗಿದ್ದ ಅತ್ತೆಗೆ ಕಾಫಿ ಕುಡಿಯೋಕೆ ಹೇಳಿ ಅಂದಳು. ಬೆಳಗಿನ ಜಾವ ಹೆಣ್ಣು ಮಗು.

ಆಮೇಲೆ ರಕ್ತ ನಿಲ್ಲಲಿಲ್ಲ. ನಾನು ಮಗು ನೋಡುತ್ತಾ ನಗುತ್ತಾ ನಿಂತಿದ್ದೆ. ಸಿಸ್ಟರ್ ನೋಡಿದ್ದು ಕೆಳಗಿನ ಶೀಟನ್ನು. ಒಂದು ಕೈಯಲ್ಲಿ ಹೊಟ್ಟೆಯ ಮೇಲಿಂದ ಗರ್ಭಕೋಶ ಉಜ್ಜುತ್ತಾ, ಇನ್ನೊಬ್ಬರಿಗೆ ಡ್ರಿಪ್‌ಗೆ ಗರ್ಭಕೋಶ ಬಿಗಿಯುವ ಔಷಧಿ ಆಕ್ಸಿಟೋಸಿನ್ ಹಾಕಲು ಹೇಳುತ್ತಾ, ನನಗೆ "ಡಾಕ್ಟ್ರನ್ನ ಎಬ್ಬಿಸು, ಓಡು" ಅಂದರು. ಹತ್ತೇ ನಿಮಿಷದಲ್ಲಿ ಎಲ್ಲ ಹತೋಟಿಗೆ ಬಂತು. ಆ ಹತ್ತು ನಿಮಿಷದಲ್ಲಿ ನನ್ನ ಭ್ರಾಮರಿಗೆ ಕೆಲಸ ಇರಲಿಲ್ಲ, ಓಡುವ ಕಾಲಿಗೆ ಇತ್ತು.

ಆ ರಾತ್ರಿಯ ಮೊದಲರ್ಧದಲ್ಲಿ ಮಾಡಿದ್ದನ್ನು ಕಮ್ಮಿ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದೂ ಅದನ್ನೇ: ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಬೇಕಾದವರು ಜೊತೆಗಿರಲಿ, ಎದ್ದು ಓಡಾಡಲಿ, ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆಯುವವರೆಗೆ ಅವಸರ ಬೇಡ, ಗಂಟೆಗೆ ಒಂದು ಸೆಂಟಿಮೀಟರ್ ಆಗಲೇಬೇಕು ಅನ್ನುವ ಹಟವೂ ಬೇಡ. ಕೊಕ್ರೇನ್ ಸಂಸ್ಥೆ 2017ರಲ್ಲಿ 26 ಅಧ್ಯಯನ, 15 ಸಾವಿರಕ್ಕೂ ಜಾಸ್ತಿ ಹೆಂಗಸರ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ ಉದ್ದಕ್ಕೂ ಒಬ್ಬರು ಜೊತೆಗಿದ್ದು ಧೈರ್ಯ ಹೇಳಿದ ಕಡೆ ಸಿಸೇರಿಯನ್ ಕಮ್ಮಿ, ತಾನಾಗಿ ಆದ ಹೆರಿಗೆ ಜಾಸ್ತಿ. ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಜಾಗ ಯಾವುದಿದೆ?

ಅದರ ಅಗತ್ಯವೂ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ದೇಶದಲ್ಲಿ ನೂರಕ್ಕೆ 21.5 ಹೆರಿಗೆ ಸಿಸೇರಿಯನ್, ಕರ್ನಾಟಕದಲ್ಲಿ 31.5. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ 14.3 ಇದ್ದರೆ ಖಾಸಗಿಯಲ್ಲಿ 47.4. ಇಷ್ಟೂ ಬೇಕಿತ್ತಾ ಅಂತ ಕೇಳುವುದು ತಪ್ಪಲ್ಲ. ಹಾಗಂತ ಕತ್ತರಿಯೇ ಶತ್ರು ಅಂತ ಹೊರಟವರು ಎಲ್ಲಿಗೆ ಮುಟ್ಟುತ್ತಾರೆ ಅನ್ನುವುದನ್ನೂ ನೋಡಿದ್ದೇವೆ. 2018ರಲ್ಲಿ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಹೆರಿಗೆ ಮಾಡಲು ಹೋಗಿ ಒಬ್ಬ ಶಿಕ್ಷಕಿ ರಕ್ತಸ್ರಾವದಿಂದ ತೀರಿಕೊಂಡರು. ಅದೇ ಸುಮಾರಿಗೆ ಕೊಯಮತ್ತೂರಿನಲ್ಲಿ ಮನೆ ಹೆರಿಗೆಗೆ ತರಬೇತಿ ಶಿಬಿರ ಅಂತ ಪ್ರಚಾರ ಮಾಡಿದವರೊಬ್ಬರನ್ನು ಪೊಲೀಸರು ಹಿಡಿದರು. "ಪ್ರಕೃತಿ" ಅನ್ನುವ ಹೆಸರು ಇಂಥ ಕಡೆಯೆಲ್ಲ ಬಳಕೆಯಾಗುತ್ತದೆ. ಜನ ನಿಮ್ಮನ್ನೂ ಅದೇ ಗುಂಪಿಗೆ ಸೇರಿಸಿ ನೋಡುತ್ತಾರೆ, ತಯಾರಿರಿ.

ರಿಜಿಸ್ಟ್ರೇಷನ್, ಗಡಿ

ಡಿಗ್ರಿ, ಇಂಟರ್ನ್‌ಶಿಪ್ ಮುಗಿದ ಮೇಲೆ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಹೆಸರಲ್ಲಿ ನಾವಿಲ್ಲ, ಆದರೆ ಅದರ ಹಿಂದಿರುವ 1961ರ ರಾಜ್ಯ ಕಾಯ್ದೆಯಲ್ಲಿ ನ್ಯಾಚುರೋಪತಿ ಮತ್ತು ಯೋಗ ಎರಡೂ ಇವೆ. 2020ರಲ್ಲಿ ಬಂದ ಭಾರತೀಯ ವೈದ್ಯ ಪದ್ಧತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ನಮ್ಮನ್ನು ಒಳಗೆ ಸೇರಿಸಿಕೊಂಡಿಲ್ಲ, ಹಾಗಾಗಿ ಬೇರೆ ರಾಜ್ಯಕ್ಕೆ ಹೋಗಿ ಕೆಲಸ ಮಾಡುವುದಾದರೆ ಅಲ್ಲಿನ ನಿಯಮ ಬೇರೆಯೇ ಇರುತ್ತದೆ, ಮುಂಚೆಯೇ ವಿಚಾರಿಸಿ. ಸ್ವಂತ ಕ್ಲಿನಿಕ್ ತೆರೆದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಕೆಪಿಎಂಇ ಅನ್ನುತ್ತಾರಲ್ಲ, ಅದರಡಿ ನೋಂದಣಿ ಮಾಡಿಸಬೇಕು.

ಅಲೋಪತಿ ಔಷಧಿ ಬರೆಯುವಂತಿಲ್ಲ. ಒಬ್ಬ ಹೋಮಿಯೋಪತಿ ವೈದ್ಯರು ಅಲೋಪತಿ ಔಷಧಿ ಕೊಟ್ಟ ಪ್ರಕರಣದಲ್ಲಿ, ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳಿ ಅಂತ ಕೇಳುವ ಅತ್ತೆಯರು ಬಂದೇ ಬರುತ್ತಾರೆ. ನಗುತ್ತಾ ಕೂಡ ಉತ್ತರ ಕೊಡಬೇಡಿ. ಭ್ರೂಣಲಿಂಗ ಹೇಳುವುದು 1994ರ ಕಾಯ್ದೆಯಲ್ಲಿ ಅಪರಾಧ.

ಕೆಲಸ ಶುರು ಮಾಡುವುದು

ಮೊದಲ ವರ್ಷವೇ ಬೋರ್ಡು ಹಾಕಬೇಡಿ. ಪ್ರಸೂತಿ ಆಸ್ಪತ್ರೆಯೊಂದರಲ್ಲಿ ಗರ್ಭಿಣಿಯರ ಯೋಗ ತರಗತಿ ತಗೊಳ್ಳುವ ಕೆಲಸ ಹುಡುಕಿ. ಸಂಬಳ ಕಮ್ಮಿ. ಆದರೆ ಅಲ್ಲಿ ಡಾಕ್ಟರ್ ನಿಮ್ಮನ್ನು ನೋಡುತ್ತಾರೆ, ನೀವು ಅವರನ್ನು ನೋಡುತ್ತೀರಿ. ಮುಂದೆ ನಿಮ್ಮ ಕ್ಲಿನಿಕ್‌ನಿಂದ ಮಧ್ಯರಾತ್ರಿ ಫೋನ್ ಮಾಡಿದರೆ ಎತ್ತುವ ಒಬ್ಬ ಪ್ರಸೂತಿ ತಜ್ಞರು ಬೇಕು, ಆ ನಂಟು ಬೆಳೆಯುವುದು ಇಲ್ಲೇ. ಈ ಸಮಯದಲ್ಲಿ ಬಿಡುವಿದ್ದರೆ ಲಾಮಾಜ್ (ಹೆರಿಗೆಗೆ ತಯಾರು ಮಾಡುವ ಪದ್ಧತಿ) ಅಥವಾ ಡೂಲಾ (ಹೆರಿಗೆಯ ಹೊತ್ತಿನಲ್ಲಿ ಜೊತೆಗಿದ್ದು ಧೈರ್ಯ ಹೇಳುವವರು) ತರಬೇತಿ ಸೇರಿಸಿಕೊಳ್ಳಿ. ಇನ್ನೂ ಓದುವ ಮನಸ್ಸಿದ್ದರೆ ಮೂರು ವರ್ಷದ ಎಂಡಿ ಇದೆ, ನ್ಯಾಚುರೋಪತಿಯಲ್ಲೂ ಯೋಗದಲ್ಲೂ. ಪ್ರಬಂಧಕ್ಕೆ ಗರ್ಭಿಣಿಯರ ವಿಷಯವನ್ನೇ ತಗೊಳ್ಳಬಹುದು.

ಅಮೆರಿಕಕ್ಕೆ ಹೋಗುವ ಯೋಚನೆ ಇರುವವರಿಗೆ ಒಂದು ಮಾತು. ಬಿಎನ್‌ವೈಎಸ್ ಅಲ್ಲಿ ನೇರವಾಗಿ ನಡೆಯುವುದಿಲ್ಲ. ಅಲ್ಲಿನ ಮಾನ್ಯತೆ ಇರುವ ಕಾಲೇಜಿನಲ್ಲಿ ನಾಲ್ಕು ವರ್ಷದ ಎನ್‌ಡಿ (ಅಲ್ಲಿನ ನ್ಯಾಚುರೋಪತಿ ಡಾಕ್ಟರ್ ಡಿಗ್ರಿ, ಆರು ತಿಂಗಳ ಡಿಪ್ಲೊಮಾ ಅಲ್ಲ) ಓದಬೇಕು, ಆಮೇಲೆ ರಾಜ್ಯದ ಲೈಸೆನ್ಸ್. ಒರೆಗಾನ್‌ನಲ್ಲಿ ಎನ್‌ಡಿಗಳು ಹೆರಿಗೆ ಮಾಡಿಸಲು ಸಹಜ ಹೆರಿಗೆಯದೇ ಪ್ರತ್ಯೇಕ ಪ್ರಮಾಣಪತ್ರ ತಗೊಳ್ಳಬೇಕು. ಅಂದರೆ ನೀವು ಫೋನಿನಲ್ಲಿ ಕೇಳುವ ಡಾಕ್ಟರ್ ಅಲ್ಲಿ ಇದ್ದಾರೆ, ಇಲ್ಲಿಲ್ಲ.

ಕ್ಲಿನಿಕ್ ತೆರೆದ ಮೇಲೆ ಬಂದವರ ತಾಯಿ ಕಾರ್ಡ್ ಮೊದಲು ಕೇಳಿ. ಆಮೇಲೆ ಬಿಪಿ. ಆಮೇಲೆ ಮಾತು. ಇದನ್ನು ನಾನು ತಪ್ಪು ಮಾಡಿ ಕಲಿತೆ. ಎಂಟು ತಿಂಗಳ ಗರ್ಭಿಣಿಯೊಬ್ಬರು ಕಾಲು ಊದಿದೆ ಅಂತ ಬಂದರು. ಬಸುರಿಯಲ್ಲಿ ಕಾಲು ಊದುವುದು ಮಾಮೂಲು ಅಂದುಕೊಂಡು ಉಗುರು ಬೆಚ್ಚಗಿನ ನೀರಿನಲ್ಲಿ ಕಾಲಿಡಲು ಹೇಳಿ, ಚೀಟಿ ಬರೆದು ಕೊಟ್ಟೂ ಆಗಿತ್ತು. ಬಾಗಿಲ ಹತ್ತಿರ ಹೋದವರು "ಎರಡು ದಿನದಿಂದ ತಲೆನೋವು ಬೇರೆ" ಅಂದರು. ಡ್ರಾಯರ್‌ನಿಂದ ಬಿಪಿ ಮೆಷಿನ್ ತೆಗೆದು ನೋಡಿದರೆ 150/100. ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಕಳಿಸಿದೆ. ಆವತ್ತಿನಿಂದ ಮೆಷಿನ್ ಡ್ರಾಯರ್‌ಗೆ ಹೋಗಿಲ್ಲ. 140/90 ದಾಟಿದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ನೋವಿದ್ದರೆ, ಮಗು ಅಲ್ಲಾಡುವುದು ಕಮ್ಮಿಯಾದರೆ, ನೀರು ಹೋದರೆ, ಒಂದು ಹನಿ ರಕ್ತ ಕಂಡರೂ, ನಿಮ್ಮ ಚಿಕಿತ್ಸೆ ಅಲ್ಲಿಗೆ ನಿಲ್ಲಬೇಕು.

ಬಾಣಂತನದಲ್ಲಿ ನಿಮಗೆ ಎದುರಾಳಿ ಅಜ್ಜಿಯಂದಿರು. ಎಣ್ಣೆ ನೀರು, ಹೊಟ್ಟೆ ಕಟ್ಟುವುದು, ಬೆಳ್ಳುಳ್ಳಿ, ಖಾರದ ಪುಡಿ, ಇವನ್ನೆಲ್ಲ ಗೇಲಿ ಮಾಡಬೇಡಿ, ಬೆಚ್ಚಗೆ ಮಲಗಿಸಿ ನಲವತ್ತು ದಿನ ಉಪಚಾರ ಮಾಡುವುದು ಸಣ್ಣ ವಿಷಯ ಅಲ್ಲ. ನೀರು ಕುಡಿಯಬಾರದು, ಸೊಪ್ಪು ತಿನ್ನಬಾರದು ಅನ್ನುವುದಕ್ಕೆ ಮಾತ್ರ ಅಡ್ಡ ನಿಲ್ಲಿ. ಹಾಲು ಬರಬೇಕಲ್ವಾ.

ಇನ್ನು ದುಡ್ಡಿನ ವಿಷಯ. "ನಾರ್ಮಲ್ ಡೆಲಿವರಿ ಪ್ಯಾಕೇಜ್" ಅಂತ ಮಾರುವವರು ಇದ್ದಾರೆ, ಬೇಗ ದುಡ್ಡೂ ಮಾಡುತ್ತಾರೆ. ನನ್ನ ಕ್ಲಿನಿಕ್ ಎದುರೂ ಶುರುವಿನಲ್ಲಿ ಒಂದು ಬೋರ್ಡ್ ಇತ್ತು: "ಸಹಜ ಹೆರಿಗೆಯೇ ನಮ್ಮ ಗುರಿ". ಆರು ತಿಂಗಳು ಒಂದು ದಿನವೂ ತಪ್ಪಿಸದೆ ಯೋಗಕ್ಕೆ ಬಂದ ಒಬ್ಬರಿಗೆ ಕೊನೆಯಲ್ಲಿ ಮಗುವಿನ ಎದೆಬಡಿತ ಇಳಿದು ಸಿಸೇರಿಯನ್ ಆಯಿತು. ಬೇಕಾಗಿದ್ದ ಸಿಸೇರಿಯನ್. ನೋಡಲು ಹೋದೆ. ಮಗು ಪಕ್ಕದಲ್ಲಿ ನಿದ್ದೆ ಮಾಡುತ್ತಿತ್ತು. ಅವರು ನನ್ನ ಮುಖ ನೋಡದೆ "ಸಾರಿ ಡಾಕ್ಟ್ರೇ, ನನ್ನ ಕೈಲಿ ಆಗ್ಲಿಲ್ಲ" ಅಂದರು.

ಮರುದಿನ ಪೇಂಟರ್‌ನ ಕರೆಸಿದೆ. ಈಗ ಬೋರ್ಡಿನಲ್ಲಿ "ಗರ್ಭಿಣಿ–ಬಾಣಂತಿ ಆರೈಕೆ" ಅಂತಷ್ಟೇ ಇದೆ. ಹಳೆಯದನ್ನು ಅಳಿಸಿ ಬರೆಯೋಕೆ ಆರುನೂರು ರೂಪಾಯಿ ತಗೊಂಡ.